ನಿಂತ ಗಾಡಿಯ ವೇಗ



ಹಳಗನ್ನಡದ ಪಾಠ ಹೇಳಿ ನಿವೃತ್ತನಾದವನು ಮೋಟಾರುಗಾಡಿಯ ಟಾರ್ಕ್ ಕನ್ವರ್ಟರನ್ನು ಆರಿಸುವ ಬಗೆಯನ್ನು ಕುರಿತು ಮಾತನಾಡಲು ಹೊರಟದ್ದು ಅಧಿಕಪ್ರಸಂಗವೆಂದು ನಿಮಗೆ ತೋರಬಹುದು. ನಾನಾಗಿ ಈ ವಿಷಯಕ್ಕೆ ಕೈಹಾಕಿದವನಲ್ಲ. 2023ರ ಬೇಸಗೆಯನ್ನು ನಾನೂ ನನ್ನಾಕೆಯೂ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿರುವ ಮಗನ ಮನೆಯಲ್ಲಿ ಕಳೆದಾಗ ಅದು ತಾನಾಗಿಯೇ ಎದುರಾಯಿತು.

ಮಗನಲ್ಲಿ 1972ರ ಷೆವ್ರೊಲೆ ಷೆವೆಲ್ ಗಾಡಿಯೊಂದಿದೆ. ಬಿಡುವಿನ ವೇಳೆಯನ್ನೆಲ್ಲ ಅದರ ಅಡಿಯಲ್ಲಿ ಮಲಗಿಯೇ ಕಳೆಯುತ್ತಾನೆ. ಗೇರು ತಾನಾಗಿ ಬದಲಾಗುವ ಗಾಡಿಯಾದ್ದರಿಂದ ಕ್ಲಚ್ಚಿನ ಪೆಡಲು ಇಲ್ಲ. ಎಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವೆ ಕನ್ವರ್ಟರು ಕುಳಿತಿರುತ್ತದೆ. ಎರಡು ಫ್ಯಾನುಗಳನ್ನು ಎದುರುಬದುರಾಗಿಟ್ಟು ಒಂದನ್ನು ಓಡಿಸಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುವುದನ್ನು ನೀವು ನೋಡಿರಬಹುದು. ಇಲ್ಲಿ ಗಾಳಿಯ ಬದಲು ಎಣ್ಣೆ. ಎಂಜಿನ್ನು ತಿರುಗಿಸುವ ಚಕ್ರಕ್ಕೆ ಪಂಪೆಂದೂ, ಗೇರುಪೆಟ್ಟಿಗೆಯನ್ನು ತಿರುಗಿಸುವ ಚಕ್ರಕ್ಕೆ ಟರ್ಬೈನೆಂದೂ ಹೆಸರು. ನಡುವಣ ಸ್ಟೇಟರೆಂಬ ಮೂರನೆಯ ಚಕ್ರ ಟರ್ಬೈನಿನಿಂದ ಮರಳುವ ಎಣ್ಣೆಯ ದಿಕ್ಕನ್ನು ತಿದ್ದಿ, ಅದು ಪಂಪಿಗೆ ಅಡ್ಡಿಯಾಗದೆ ಒತ್ತಾಸೆಯಾಗುವಂತೆ ಮಾಡುತ್ತದೆ. ಇದರ ಫಲವಾಗಿ ಗಾಡಿ ಹೊರಡುವ ಕ್ಷಣದಲ್ಲಿ ಎಂಜಿನ್ನಿನ ತಿರುಚುಬಲ ಹೆಚ್ಚುಕಡಮೆ ಇಮ್ಮಡಿಯಾಗುತ್ತದೆ. ಟರ್ಬೈನಿನ ವೇಗ ಪಂಪಿನ ವೇಗದ ಹತ್ತರಲ್ಲಿ ಒಂಬತ್ತು ಪಾಲನ್ನು ಮುಟ್ಟುವ ಹೊತ್ತಿಗೆ ಆ ಲಾಭ ಮುಗಿದಿರುತ್ತದೆ. 1905ರಲ್ಲಿ ಇದಕ್ಕೆ ಪೇಟೆಂಟು ಪಡೆದ ಜರ್ಮನಿಯ ಹರ್ಮನ್ ಫೋಟಿಂಗರ್ ಅವರ ಮನಸ್ಸಿನಲ್ಲಿದ್ದದ್ದು ಹಡಗು. ಅಮೆರಿಕದ ಬ್ಯೂಕ್ ಕಾರಿಗೆ ಇದು ಬಂದದ್ದು 1948ರಲ್ಲಿ.

ಕನ್ವರ್ಟರನ್ನು ಕೊಳ್ಳುವವರು ಮೊದಲು ನೋಡುವ ಅಂಕಿ ‘ಸ್ಟಾಲ್ ಸ್ಪೀಡ್’. ಬ್ರೇಕು ಹಿಡಿದು ಗಾಡಿಯನ್ನು ಅಲುಗಗೊಡದೆ ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೆ ಎಂಜಿನ್ನು ಎಷ್ಟು ಸುತ್ತಿನವರೆಗೆ ಏರಿ ಅಲ್ಲಿಗೇ ನಿಲ್ಲುವುದೋ ಅದೇ ಆ ಅಂಕಿ. ನಾನು ಇದನ್ನು ‘ನಿಲುವೇಗ’ ಎಂದು ಅನುವಾದಿಸಿದೆ. “ನಿಂತದ್ದಕ್ಕೆ ವೇಗ ಎಲ್ಲಿಂದ ಬಂತಪ್ಪಾ?” ಎಂದು ಮಗ ನಕ್ಕ. ವಿರೋಧಾಭಾಸವೆಂಬ ಅಲಂಕಾರವೊಂದಿದೆ ಎಂದೆ. ಅವನಿಗೆ ಅದರಲ್ಲಿ ಆಸಕ್ತಿಯಿರಲಿಲ್ಲ.

ಅವನು ಕನ್ವರ್ಟರನ್ನು ಬದಲಿಸಿದ್ದಕ್ಕೆ ಕಾರಣವಿತ್ತು. ಎಂಜಿನ್ನಿಗೆ ಕವಾಟಗಳನ್ನು ಹೆಚ್ಚು ಹೊತ್ತು ತೆರೆದಿಡುವ ಬೇರೊಂದು ಕ್ಯಾಮ್‌ಷಾಫ್ಟನ್ನು ಹಾಕಿಸಿದ್ದ. ಅಂಥ ಎಂಜಿನ್ನಿಗೆ ಮೇಲಿನ ಸುತ್ತುಗಳಲ್ಲಿ ಕಸುವು ಹೆಚ್ಚು, ಕೆಳಗಿನವುಗಳಲ್ಲಿ ಕಡಮೆ. ಕೆಂಪುದೀಪದಲ್ಲಿ ನಿಂತಾಗ ಗಾಡಿ ಬ್ರೇಕನ್ನು ನೂಕುತ್ತ, ನಡುಗುತ್ತ, ಇನ್ನೇನು ಆರಿಹೋಗುವಂತಿರುತ್ತಿತ್ತು. ನಿಮಿಷಕ್ಕೆ 1,700 ಸುತ್ತಿನ ಆಸುಪಾಸಿನ ಹಳೆಯ ಕನ್ವರ್ಟರನ್ನು ತೆಗೆದು ಇವನು ಹಾಕಿದ್ದು 3,000 ಸುತ್ತಿನದು. ಮಾರಿದವರ ಪಟ್ಟಿಯಲ್ಲಿ ಅದರ ವರ್ಣನೆ ಚಂಪೂಕಾವ್ಯದ ಯುದ್ಧವರ್ಣನೆಯಂತಿತ್ತು.

ಒಂದು ಭಾನುವಾರ ಪೆನ್ ಹಿಲ್ಸಿನ ವೆಂಕಟೇಶ್ವರ ದೇವಸ್ಥಾನಕ್ಕೆ ಈ ಗಾಡಿಯಲ್ಲಿ ಹೊರಟೆವು. ಏರುದಾರಿಯಲ್ಲಿ ಕಾರುಗಳ ಸಾಲು ಇರುವೆಯಂತೆ ಸರಿಯುತ್ತಿತ್ತು. ನಮ್ಮ ಎಂಜಿನ್ನು ಕೂಗುತ್ತಿತ್ತು, ಗಾಡಿ ಮಾತ್ರ ತೆವಳುತ್ತಿತ್ತು. ಕಸುವಿನಲ್ಲಿ ಚಕ್ರವನ್ನು ಸೇರದ ಪಾಲೆಲ್ಲ ಎಣ್ಣೆಯನ್ನು ಕಾಯಿಸುತ್ತಿತ್ತು. 80–90 ಡಿಗ್ರಿ ಸೆಲ್ಷಿಯಸ್ ಇರಬೇಕಾದ ಗೇರುಪೆಟ್ಟಿಗೆಯ ಎಣ್ಣೆ 125 ಮುಟ್ಟಿತು. ಸುಟ್ಟ ವಾಸನೆ ಒಳಗೆ ಬಂತು. ಗಾಡಿಯನ್ನು ಬದಿಗೆ ನಿಲ್ಲಿಸಿದೆವು. ಮೊಣಕಾಲು ನೋವಿನ ನನ್ನಾಕೆ ಹಣ್ಣುಕಾಯಿಯ ಚೀಲ ಹಿಡಿದು ಉಳಿದ ಏರನ್ನು ನಡೆದೇ ಹತ್ತಿದಳು. ಮಗ ಒಂದು ಮಾತೂ ಆಡಲಿಲ್ಲ. ಮನೆಗೆ ಮರಳಿ ನೋಡಿದಾಗ ಕೆಂಪಗಿರಬೇಕಾದ ಎಣ್ಣೆ ಕಂದಾಗಿತ್ತು. ಹೀಗೆಯೇ ಇನ್ನೆರಡು ಸಲ ಆಗಿದ್ದರೆ ಗೇರುಪೆಟ್ಟಿಗೆಯೊಳಗಿನ ಕ್ಲಚ್ಚಿನ ಬಿಲ್ಲೆಗಳೂ ಸುಟ್ಟುಹೋಗುತ್ತಿದ್ದವು.

ಅಂದು ರಾತ್ರಿ ಅವನು ಬೇರೊಬ್ಬ ತಯಾರಕರ ಪ್ರಶ್ನಾವಳಿಯನ್ನು ತುಂಬಲು ಕುಳಿತ. ಗಾಡಿಯ ತೂಕವೆಷ್ಟು, ಹಿಂದಿನ ಆಕ್ಸಲಿನ ಅನುಪಾತವೆಷ್ಟು, ಟೈರಿನ ಎತ್ತರವೆಷ್ಟು, ಕ್ಯಾಮ್‌ಷಾಫ್ಟು ಯಾವುದು, ಬಳಕೆ ಏನು ಎಂಬ ಪ್ರಶ್ನೆಗಳು. ಇವೆಲ್ಲ ಏಕೆಂದು ಕೇಳಿದೆ. ನಿಲುವೇಗ ಕನ್ವರ್ಟರೊಂದರದೇ ಗುಣವಲ್ಲವಂತೆ. ಅದೇ ಕನ್ವರ್ಟರನ್ನು ನಾಲ್ಕು ಪಟ್ಟು ತಿರುಚುಬಲದ ಎಂಜಿನ್ನಿಗೆ ಜೋಡಿಸಿದರೆ ಆ ಅಂಕಿ ಇಮ್ಮಡಿಯಾಗುತ್ತದೆ. ಇವನ ಆಕ್ಸಲಿನ ಅನುಪಾತ 2.73, ಗಂಟೆಗೆ 60 ಮೈಲಿ ಹೋಗುವಾಗಲೂ ಎಂಜಿನ್ನು ತಿರುಗುವುದು ಸುಮಾರು 2,100 ಸುತ್ತು. ಹಗುರಾಗಿ ಒತ್ತಿದಾಗ ಜಾರಿಕೆ ಕಡಮೆಯೆಂಬುದು ನಿಜ. ಆದರೂ 3,000ದ ಕನ್ವರ್ಟರು ಹೆದ್ದಾರಿಯಲ್ಲಿ ಸಹ ಬೇಕಾದುದಕ್ಕಿಂತ ಹೆಚ್ಚಾಗಿಯೇ ಜಾರುತ್ತಿತ್ತು. ಈಗಿನ ಕಾರುಗಳಲ್ಲಿ ಪಂಪನ್ನೂ ಟರ್ಬೈನನ್ನೂ ಒಂದಾಗಿ ಬಿಗಿಯುವ ಲಾಕಪ್ ಕ್ಲಚ್ಚು ಇರುತ್ತದೆ. ಆ ಹಳೆಯ ಗಾಡಿಯಲ್ಲಿ ಅದಿಲ್ಲ.

ಬಳಕೆಯ ಪ್ರಶ್ನೆಗೆ ಅವನು ‘ರಸ್ತೆ ಮತ್ತು ಪಂದ್ಯ’ ಎಂದು ಬರೆದ.

“ಈ ಗಾಡಿ ಪಂದ್ಯಕ್ಕೆ ಎಷ್ಟು ಸಲ ಹೋಗಿದೆಯೋ?” ಎಂದೆ.

“ಒಂದು ಸಲವೂ ಇಲ್ಲಪ್ಪ.”

“ಮತ್ತೆ?”

ಸ್ವಲ್ಪ ಹೊತ್ತು ಸುಮ್ಮನಿದ್ದು ‘ಪಂದ್ಯ’ವನ್ನು ಹೊಡೆದುಹಾಕಿದ. ತೂಕವನ್ನೂ ತಿದ್ದಿದ, ಬರಿಯ ಗಾಡಿಯೇ ಒಂದೂವರೆ ಟನ್ನು, ನಾವು ಕುಳಿತರೆ ಇನ್ನೂ ಹೆಚ್ಚು. ನಾಲ್ಕು ದಶಕ ಉತ್ತರಪತ್ರಿಕೆಗಳನ್ನು ತಿದ್ದಿದವನಿಗೆ ಇಷ್ಟು ಸಂತೋಷ ಕೊಟ್ಟ ತಿದ್ದುಪಡಿ ಬಹಳ ಇಲ್ಲ.

ಆ ತಯಾರಕರು ಅವನ ಎಂಜಿನ್ನಿಗೆ ಹೊಂದುವಂತೆ 2,200 ಸುತ್ತಿನ ಕನ್ವರ್ಟರನ್ನು ಸೂಚಿಸಿದರು. ಅದರೊಡನೆ ಎಣ್ಣೆಯನ್ನು ತಣಿಸುವ ಪ್ರತ್ಯೇಕ ಕೂಲರನ್ನೂ ಹಾಕಿಸಿಕೊಳ್ಳಲು ಹೇಳಿದರು. ಗೇರುಪೆಟ್ಟಿಗೆಯನ್ನು ಮತ್ತೊಮ್ಮೆ ಇಳಿಸಬೇಕಾಯಿತು. ಒಂದು ವಾರಾಂತ್ಯವೆಲ್ಲ ಅದಕ್ಕೇ ಹೋಯಿತು. ಕನ್ವರ್ಟರನ್ನು ಕೂರಿಸುವಾಗ ಅದನ್ನು ಆಚೆಈಚೆ ತಿರುಗಿಸುತ್ತ ಒಳಕ್ಕೆ ತಳ್ಳಬೇಕು. ‘ಟಕ್’ ಎಂದು ಒಂದೊಂದೇ ಮೆಟ್ಟಿಲು ಇಳಿದು ಪಂಪಿನ ಹಲ್ಲಿಗೆ ಕಚ್ಚಿಕೊಳ್ಳಬೇಕು. ಕಚ್ಚಿಕೊಳ್ಳದೆಯೇ ಬೋಲ್ಟು ಬಿಗಿದರೆ ಪಂಪು ಒಡೆಯುತ್ತದೆ. ನಾನು ಟಾರ್ಚು ಹಿಡಿದು ಟಕ್ಕುಗಳನ್ನು ಎಣಿಸಿದೆ.

ಮುಂದಿನ ಭಾನುವಾರ ಅದೇ ಏರನ್ನು ಹತ್ತಿದೆವು. ನನ್ನಾಕೆ ಈ ಸಲ ಇಳಿಯಬೇಕಾಗಲಿಲ್ಲ. ಮಗ ದಾರಿಯುದ್ದಕ್ಕೂ ಬಿಸಿಯ ಮುಳ್ಳನ್ನೇ ನೋಡುತ್ತಿದ್ದ. ಅದು 90ರ ಆಚೆಗೆ ಹೋಗಲಿಲ್ಲ. ಮೊದಲಿನ ಕನ್ವರ್ಟರು ಗ್ಯಾರೇಜಿನ ಮೂಲೆಯಲ್ಲಿದೆ. ಮಾರಿದವರು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.