ಬೂತಾಯಿ ರೇಟು ಫೋನಲ್ಲಿ ಸಿಕ್ತು, ಬೂತಾಯಿ ಎಲ್ಲಿ?

ಇವತ್ತಿನ ಸಂಚಿಕೆ ಸಮುದ್ರದ ಬಗ್ಗೆ. ಕೆ.ಆರ್. ಪೇಟೆ ಕಡೆಯವರಿಗೆ ಸಮುದ್ರದ ಉಸಾಬರಿ ಯಾಕಪ್ಪಾ ಅಂತೀರಾ? ನಿಜ, ನಮ್ಮ ಹೇಮಗಿರಿ ಅಣೆಕಟ್ಟೆ ದಾಟಿದ ಹೇಮಾವತಿ ನೀರು ಕೂಡ ಕಾವೇರಿ ಸೇರಿ ಪೂರ್ವದ ಕಡಲಿಗೆ ಹೋಗುತ್ತೆ, ಮಲ್ಪೆ ಕಡೆಗಲ್ಲ. ಆದ್ರೆ ಈ ಕಥೆ ಶುರುವಾಗೋದು ವ್ಯಾಪಾರದಿಂದ. ಅದನ್ನ ಅರ್ಥ ಮಾಡ್ಕೊಳ್ಳೋಕೆ ದನಗಳ ಜಾತ್ರೆ ನೋಡಿರೋ ನಮಗೆ ಕಷ್ಟ ಏನಿಲ್ಲ. ಟವೆಲ್ ಕೆಳಗೆ ಇಬ್ಬರ ಕೈ, ಬೆರಳು ಒತ್ತಿ ಹೇಳೋ ರೇಟು. ಪಕ್ಕದಲ್ಲಿ ನಿಂತವರಿಗೂ ಜೋಡಿ ಎಷ್ಟಕ್ಕೆ ಹೋಯ್ತು ಅಂತ ಗೊತ್ತಾಗಲ್ಲ.

ಕಡಲ ತೀರದಲ್ಲಿ ಆ ಟವೆಲ್ ಕೆಲಸವನ್ನ ದೂರ ಮಾಡ್ತಿತ್ತು. 1997ರ ಜನವರಿ 14. ನಮ್ಮಲ್ಲಿ ಎಳ್ಳು ಬೆಲ್ಲ ಹಂಚೋ ದಿನ. ಉತ್ತರ ಕೇರಳದ ವಡಗರದಲ್ಲಿ ಅವತ್ತು ಬೆಳಿಗ್ಗೆ 11 ಜನ ಮೀನುಗಾರರು ದೋಣಿ ತುಂಬ ಬೂತಾಯಿ ತಂದಿದ್ದಾರೆ, ಕೊಳ್ಳೋರೇ ಇಲ್ಲ. ಮೀನನ್ನ ಎಸೆಯೋದೊಂದೇ ದಾರಿ. ಅದೇ ಹೊತ್ತಿಗೆ 15 ಕಿಲೋಮೀಟರ್ ಒಳಗಿನ ಬೇರೆ ತೀರಗಳಲ್ಲಿ 27 ಜನ ವ್ಯಾಪಾರಿಗಳು ಮೀನು ಸಿಗದೆ ಖಾಲಿ ಕೈಯಲ್ಲಿ ವಾಪಸ್ ಹೊರಟಿದ್ದಾರೆ. ಇವರ ವಿಷಯ ಅವರಿಗೆ ಗೊತ್ತಿಲ್ಲ, ಅವರ ವಿಷಯ ಇವರಿಗೆ ಗೊತ್ತಿಲ್ಲ. ಟೊಮೆಟೊ ರಸ್ತೆಗೆ ಸುರಿಯೋದನ್ನ ನೋಡಿದವರಿಗೆ ಈ ಸಂಕಟ ವಿವರಿಸಬೇಕಾಗಿಲ್ಲ.

ಇದನ್ನ ದಾಖಲಿಸಿದ್ದು ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್. ಕೋಳಿಕ್ಕೋಡ್, ಕಣ್ಣೂರು ಮತ್ತು ನಮ್ಮ ಕನ್ನಡದವರಿರೋ ಕಾಸರಗೋಡು, ಈ ಮೂರು ಜಿಲ್ಲೆಗಳ 15 ತೀರಗಳ ಲೆಕ್ಕವನ್ನ ಅವರು ವರ್ಷಗಟ್ಟಲೆ ಇಟ್ಟರು. 1997ರಿಂದ 2000ದ ಒಳಗೆ ಮೂರೂ ಜಿಲ್ಲೆಗೆ ಒಂದರ ಹಿಂದೆ ಒಂದು ಮೊಬೈಲ್ ಟವರ್ ಬಂತು. ಸಿಗ್ನಲ್ ಕಡಲೊಳಗೆ 20-25 ಕಿಲೋಮೀಟರ್ ಸಿಗ್ತಿತ್ತು. ಆಗ ಇನ್‌ಕಮಿಂಗ್ ಕಾಲ್‌ಗೂ ದುಡ್ಡು ಕೊಡಬೇಕಿತ್ತು, ಕಣ್ರೀ! ಆದ್ರೂ ಮೀನುಗಾರರು ಫೋನ್ ಕೊಂಡರು. ದೋಣಿಯಲ್ಲೇ ಕೂತು ನಾಲ್ಕು ಕಡೆ ಕಾಲ್ ಮಾಡಿ, ಎಲ್ಲಿ ರೇಟು ಇದೆಯೋ ಆ ತೀರಕ್ಕೆ ತಿರುಗಿಸಿದರು. ಮೊದಲು ಹಿಡಿದ ಮೀನಲ್ಲಿ 5ರಿಂದ 8 ಪರ್ಸೆಂಟ್ ಹಾಳಾಗ್ತಿತ್ತು, ಅದು ನಿಂತೇ ಹೋಯ್ತು. ಮೀನುಗಾರರ ಲಾಭ ಸರಾಸರಿ 8 ಪರ್ಸೆಂಟ್ ಹೆಚ್ಚಾಯ್ತು. ಕೊಳ್ಳೋರಿಗೆ ಬೆಲೆ 4 ಪರ್ಸೆಂಟ್ ಇಳೀತು. ಮಾರೋರಿಗೂ ಲಾಭ, ತಿನ್ನೋರಿಗೂ ಲಾಭ. ಬಿಕಾಂನಲ್ಲಿ ನಾವು ಉರು ಹೊಡೆದ ಡಿಮ್ಯಾಂಡು, ಸಪ್ಲೈ ಗ್ರಾಫು ಇಷ್ಟು ಚೆನ್ನಾಗಿ ಜೀವ ತಳೆದಿದ್ದು ನಾನಂತೂ ಬೇರೆಲ್ಲೂ ಓದಿಲ್ಲ.

ಜೆನ್ಸನ್ ಅವರ ಅಧ್ಯಯನ ಪ್ರಕಟವಾಗಿದ್ದು 2007ರಲ್ಲಿ. ಮೊಬೈಲ್ ಬಂದ್ರೆ ಬಡತನ ಹೋಗುತ್ತೆ ಅನ್ನೋ ಭಾಷಣಗಳಲ್ಲಿ ಈ ಕಥೆ ಸಾವಿರ ಸಲ ಬಂದಿದೆ. ಆ ಭಾಷಣಗಳು ನಿಲ್ಲೋ ಜಾಗದಿಂದ ನಾನು ಮುಂದಕ್ಕೆ ಹೋಗಬೇಕು ಅಂತಿದ್ದೀನಿ.

ಕೊಚ್ಚಿಯಲ್ಲಿರೋ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಪ್ರತಿ ವರ್ಷ ಎಷ್ಟು ಮೀನು ದಡಕ್ಕೆ ಬಂತು ಅಂತ ಲೆಕ್ಕ ಕೊಡುತ್ತೆ. ಅದೇ ಬೂತಾಯಿ, ಅದೇ ಕೇರಳ. 2012ರಲ್ಲಿ ಸುಮಾರು 4 ಲಕ್ಷ ಟನ್. 2021ರಲ್ಲಿ 3,297 ಟನ್. ತಪ್ಪಾಗಿ ಕೇಳಿಸ್ಕೊಂಡಿಲ್ಲ ನೀವು. ನೂರು ಬುಟ್ಟಿ ಬರ್ತಿದ್ದ ಕಡೆ ಒಂದು ಬುಟ್ಟೀನೂ ತುಂಬಲಿಲ್ಲ. ಫೋನಿಂದ ಹೀಗಾಯ್ತು ಅಂತ ನಾನು ಹೇಳ್ತಿಲ್ಲ. ಎಲ್ ನಿನೋದಿಂದ ಸಮುದ್ರ ಬಿಸಿಯಾಗಿದ್ದು ಒಂದು ಕಾರಣ, ಮರಿ ಮೀನನ್ನೂ ಬಿಡದೆ ಬಾಚಿದ್ದು ಇನ್ನೊಂದು. ನಾನು ಹೇಳೋದು ಇಷ್ಟೇ: ಫೋನಿಗೆ ರೇಟು ಗೊತ್ತಿತ್ತು, ಸ್ಟಾಕು ಗೊತ್ತಿರಲಿಲ್ಲ. ಅಂಗಡಿಯವರು ವರ್ಷಕ್ಕೊಂದು ಸಲ ಗೋಡೌನ್ ಎಣಿಸ್ತಾರೆ. ಸಮುದ್ರದ ಸ್ಟಾಕು ಯಾವ ಬೋಟಿನ ಲೆಕ್ಕದ ಪುಸ್ತಕದಲ್ಲೂ ಇಲ್ಲ. ಅಸಲು ಕರಗ್ತಿದ್ರೂ ಅದು ಲಾಭದ ಕಾಲಂನಲ್ಲೇ ಬೀಳುತ್ತೆ.

ಈಗಿನ ಡಿಜಿಟಲ್ ಸೌಕರ್ಯ ಆಗಿನ ಫೋನಿಗಿಂತ ಎಷ್ಟೋ ಮುಂದೆ ಹೋಗಿದೆ. ಹೈದರಾಬಾದಿನ ಇಂಕಾಯ್ಸ್ ಅನ್ನೋ ಕೇಂದ್ರ ಸರ್ಕಾರದ ಸಂಸ್ಥೆ, ಉಪಗ್ರಹದಿಂದ ನೀರಿನ ಬಿಸಿ ಮತ್ತು ಬಣ್ಣ ನೋಡಿ, ಮೀನು ಎಲ್ಲಿ ಸೇರಿರಬಹುದು ಅಂತ ಕನ್ನಡದಲ್ಲೂ ಸೂಚನೆ ಕೊಡುತ್ತೆ. ಟವರ್ ಸಿಗದ ಆಳ ಸಮುದ್ರಕ್ಕೆ 2024ರ ಆಗಸ್ಟಿನಿಂದ ಟ್ರಾನ್ಸ್‌ಪಾಂಡರ್ ಯೋಜನೆ ಬಂದಿದೆ. ದೇಶದ 1 ಲಕ್ಷ ಬೋಟಿಗೆ ಉಚಿತ, ಖರ್ಚು 364 ಕೋಟಿ. ಉಪಗ್ರಹದ ಮೂಲಕ ಎರಡೂ ಕಡೆಯಿಂದ ಮೆಸೇಜ್ ಹೋಗುತ್ತೆ. ಇದಕ್ಕೆ ನನ್ನ ಪೂರ್ತಿ ಓಟು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ನೆನಪಿದೆಯಾ? 7 ಜನ ಇದ್ದರು. ಎರಡೇ ದಿನಕ್ಕೆ ಸಂಪರ್ಕ ತಪ್ಪಿತು. ಮಾಲ್ವಣ ಹತ್ತಿರ ಅದರ ಅವಶೇಷ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ನಾಲ್ಕೂವರೆ ತಿಂಗಳು ಏಳು ಮನೆಗಳು ಬಾಗಿಲ ಕಡೆ ನೋಡ್ತಾ ಕೂತಿದ್ದವು.

ಇಂಕಾಯ್ಸ್ ಸೇವೆಯಲ್ಲಿ ನನಗೆ ಇಷ್ಟವಾದ ಸಂಗತಿ ಒಂದಿದೆ. ಮೀನುಗಾರಿಕೆ ನಿಷೇಧದ ಕಾಲದಲ್ಲಿ ಆ ಸೂಚನೆ ಬರೋದೇ ಇಲ್ಲ. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ಯಾಂತ್ರಿಕ ಬೋಟು ಇಳಿಯೋ ಹಾಗಿಲ್ಲ. ಮೊಟ್ಟೆ ಇಡೋ ಮೀನಿಗೆ ರಜೆ. ಮೀನು ಎಲ್ಲಿದೆ ಅಂತ ಗೊತ್ತಿದ್ರೂ ಹೇಳದೆ ಸುಮ್ಮನಿರೋ ತಂತ್ರಜ್ಞಾನ ನಾವು ಎಷ್ಟು ನೋಡಿದ್ದೀವಿ ಹೇಳಿ? ನಮ್ಮ ಫೋನಿನ ಆ್ಯಪ್‌ಗಳಂತೂ ರಾತ್ರಿ 2 ಗಂಟೆಗೂ ನೋಟಿಫಿಕೇಶನ್ ಕಳಿಸ್ತವೆ.

ಆದ್ರೆ ಈ 61 ದಿನದ ಊಟ ಯಾರು ಕೊಡ್ತಾರೆ? ಉಳಿತಾಯ ಮತ್ತು ಪರಿಹಾರ ಅಂತ ಒಂದು ಯೋಜನೆ ಇದೆ. ಮೀನುಗಾರರು 1,500 ರೂಪಾಯಿ ಉಳಿಸಿದರೆ ಸರ್ಕಾರಗಳು 3,000 ಸೇರಿಸ್ತವೆ. ಒಟ್ಟು 4,500. ತಿಂಗಳಿಗೆ 1,500ರಂತೆ ಮೂರು ತಿಂಗಳು. ಒಂದು ಕುಟುಂಬಕ್ಕೆ, ಮಳೆಗಾಲದಲ್ಲಿ, ದಿನಕ್ಕೆ 50 ರೂಪಾಯಿ. ಅದರಲ್ಲೂ ಮೂರನೇ ಒಂದು ಭಾಗ ಅವರದ್ದೇ ದುಡ್ಡು.

ಆಗ ಏನಾಗುತ್ತೆ? ಮೀನು ವ್ಯಾಪಾರಿ ಹತ್ತಿರ ಸಾಲ. ಸಾಲ ಕೊಟ್ಟವರಿಗೇ ಮೀನು ಹಾಕಬೇಕು ಅಂತ ಮಾತಾದರೆ, ಆಗಸ್ಟಲ್ಲಿ ಕೈಯಲ್ಲಿ ಫೋನಿದ್ದು, ಹತ್ತು ಬಂದರಿನ ರೇಟು ಗೊತ್ತಿದ್ದು ಏನು ಪ್ರಯೋಜನ? ಕಬ್ಬು, ಬೆಲ್ಲದವರಿಗೆ ಇದು ಹೊಸದಲ್ಲ. ಮಂಡಿಯಲ್ಲಿ ಮುಂಗಡ ತಗೊಂಡ ಮೇಲೆ ಬೇರೆ ಮಂಡಿ ರೇಟು ಕೇಳೋ ಧೈರ್ಯ ಎಷ್ಟು ಜನಕ್ಕಿದೆ? ಸಾಲ ತೀರಿಸೋ ಅವಸರದಲ್ಲಿ ಬಲೆಗೆ ಬಿದ್ದ ಮರಿ ಮೀನನ್ನ ವಾಪಸ್ ಬಿಡೋಕೂ ಮನಸ್ಸು ಬರಲ್ಲ. ನನ್ನ ಲೆಕ್ಕದಲ್ಲಿ ಕರಾವಳಿಗೆ ಮುಂದಿನ ಆ್ಯಪ್‌ಗಿಂತ ಮೊದಲು ಬೇಕಾಗಿರೋದು ಆ 4,500 ರೂಪಾಯಿಯ ಪರಿಷ್ಕರಣೆ. ಅದೂ ಜೂನ್ ಮೊದಲ ವಾರವೇ ಖಾತೆಗೆ ಬೀಳೋ ಹಾಗೆ. ಅಷ್ಟು ಮಾಡೋ ತಂತ್ರಜ್ಞಾನ ಇವತ್ತು ಪ್ರತಿ ಅಂಗಡಿಯ ಕ್ಯೂಆರ್ ಕೋಡಿನ ಹಿಂದೇನೇ ಇದೆ.

ಕರಾವಳಿ ಕಡೆಯಿಂದ ಕೇಳ್ತಿರೋರು ಇದ್ದರೆ ಒಂದು ವಾಯ್ಸ್ ನೋಟ್ ಕಳಿಸಿ. ನಿಮ್ಮ ಮನೆಗೆ ಈ ಪರಿಹಾರದ ಹಣ ಯಾವ ತಿಂಗಳು ಬಂತು, ಎಷ್ಟು ಬಂತು, ಅಷ್ಟು ಹೇಳಿದ್ರೆ ಸಾಕು. ಮುಂದಿನ ಸಂಚಿಕೆಯಲ್ಲಿ ಹೆಸರು ಹೇಳದೆ ಹಾಕ್ತೀನಿ.