ಗಾಳಿಗೆ ಎದೆಯೊಡ್ಡುವ ಮುನ್ನ



ಸೈಕಲ್ಲಿನಲ್ಲಿ ಇಳಿಜಾರು ಇಳಿಯುವಾಗ ಅಂಗಿ ಗಾಳಿಗೆ ಉಬ್ಬಿ ಪಟಪಟನೆ ಬಡಿದದ್ದು ನಿಮಗೆ ನೆನಪಿರಬಹುದು. ತಲೆ ತಗ್ಗಿಸಿ ಬಾಗಿದೊಡನೆ ಸೈಕಲ್ಲು ಇನ್ನಷ್ಟು ಜೋರಾಗಿ ಓಡುತ್ತದೆ. ಇದು ಯಾರೂ ಹೇಳಿಕೊಡದೆ ಮೈಯೇ ಕಲಿತ ಪಾಠ. ಇಂದು ಇದೇ ಪಾಠವನ್ನು ಕ್ರೂಸರ್ ಮೋಟಾರ್ ಸೈಕಲ್ಲಿಗೆ ಅನ್ವಯಿಸಿ ನೋಡೋಣ.

ತಗ್ಗಾದ ಸೀಟು, ಎತ್ತರದ ಹ್ಯಾಂಡಲ್, ಮುಂದಕ್ಕೆ ಚಾಚಿದ ಕಾಲ್ಮೆಟ್ಟು ಕ್ರೂಸರಿನ ಲಕ್ಷಣಗಳು. ಅಮೆರಿಕದ ಉದ್ದುದ್ದನೆಯ ಹೆದ್ದಾರಿಗಳಲ್ಲಿ ಬೆಳೆದ ಈ ಮಾದರಿ, ನಮ್ಮಲ್ಲಿ 2005ರ ಬಜಾಜ್ ಅವೆಂಜರ್, 2020ರ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ಮುಂತಾದವುಗಳಿಂದ ಪರಿಚಿತವಾಯಿತು. ನೋಡಲು ಆರಾಮಕುರ್ಚಿಯಂತಿದ್ದರೂ ಇದರ ಸವಾರ ಎದೆಯನ್ನು ಹಾಯಿಯಂತೆ ಗಾಳಿಗೆ ತೆರೆದು ಕುಳಿತಿರುತ್ತಾನೆ.

ಆ ಗಾಳಿಯ ಬಲವೆಷ್ಟು? ಒಂದು ಸ್ಥೂಲ ಲೆಕ್ಕ ಮಾಡೋಣ. ತಲೆ, ಎದೆ, ಭುಜಗಳು ಸೇರಿ ಅರ್ಧ ಚದರ ಮೀಟರ್ ಎಂದುಕೊಳ್ಳಿ. ಗಾಳಿಯ ಸಾಂದ್ರತೆ ಘನಮೀಟರಿಗೆ ಸುಮಾರು 1.2 ಕಿಲೋಗ್ರಾಂ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ನಿಮ್ಮನ್ನು ಹಿಂದಕ್ಕೆ ತಳ್ಳುವ ಬಲ ನಾಲ್ಕು ಕಿಲೋಗ್ರಾಂ ತೂಕಕ್ಕಿಂತ ಕಡಿಮೆ. 80ರಲ್ಲಿ ಅದು ಹೆಚ್ಚುಕಡಿಮೆ ಹದಿನೈದು ಕಿಲೋಗ್ರಾಂ! ವೇಗ ಎರಡು ಪಟ್ಟಾದರೆ ಗಾಳಿಯ ಒತ್ತಡ ನಾಲ್ಕು ಪಟ್ಟು. ಈ ಭಾರವನ್ನು ಗಂಟೆಗಟ್ಟಲೆ ತಡೆಯುವುದು ಹ್ಯಾಂಡಲ್ ಹಿಡಿದ ನಿಮ್ಮ ಕೈಗಳು. ಮುಂಗೈ ಬಿಗಿಯುತ್ತದೆ, ಕತ್ತು ನೋಯುತ್ತದೆ, ಗಮನ ಚದುರುತ್ತದೆ. ದಣಿದ ಸವಾರನ ಕೈ ಬ್ರೇಕಿಗೆ ಹೋಗುವುದು ತಡವಾಗುತ್ತದೆ. ಆದ್ದರಿಂದ ಆರಾಮವೆಂಬುದು ಇಲ್ಲಿ ಷೋಕಿಯ ಮಾತಲ್ಲ, ಸುರಕ್ಷತೆಯ ಮಾತು.

ಮೊದಲು ಕುಳಿತುಕೊಳ್ಳುವ ಭಂಗಿ. ಕೈ, ಸೊಂಟ, ಪಾದ ಈ ಮೂರರ ತ್ರಿಕೋನ ಸರಿಯಿರಬೇಕು. ಕಾಲು ತೀರ ಮುಂದಿದ್ದರೆ ಗುಂಡಿ ಬಂದಾಗ ಕಾಲ ಮೇಲೆ ಭಾರ ಹಾಕಿ ಏಳಲಾಗದು; ಏಟೆಲ್ಲ ನೇರವಾಗಿ ಬೆನ್ನೆಲುಬಿಗೆ. ಸೀಟು ಹತ್ತಿಯಂತೆ ಮೆತ್ತಗಿದ್ದರೆ ಒಳ್ಳೆಯದೆಂಬುದು ತಪ್ಪು ಕಲ್ಪನೆ. ಮೆತ್ತನೆಯ ಫೋಮು ಕುಸಿದು ತಳಕ್ಕೆ ತಾಗುತ್ತದೆ. ಸ್ವಲ್ಪ ಗಟ್ಟಿಯಾದ, ಅಗಲವಾದ ಫೋಮು ಭಾರವನ್ನು ಹಂಚುತ್ತದೆ. ಕೈ ಪೂರ್ತಿ ಚಾಚದೆ, ಮೊಣಕೈ ತುಸು ಮಡಿಚಿದಂತಿದ್ದರೆ ಹ್ಯಾಂಡಲ್ ಸರಿಯಾಗಿದೆ ಎನ್ನಬಹುದು.

ಇಲ್ಲಿ ನನ್ನದೇ ಅನುಭವವೊಂದನ್ನು ಹೇಳಬೇಕು. ಹ್ಯಾಂಡಲನ್ನು ಎರಡಂಗುಲ ಎತ್ತರಿಸಿಕೊಂಡು ಸಂತೋಷದಿಂದ ಹೊರಟಿದ್ದೆ. ಮೊದಲ ತಿರುವಿನಲ್ಲಿ ಹ್ಯಾಂಡಲ್ ಪೂರ್ತಿ ಹೊರಳಿಸಿದಾಗ ಎಂಜಿನ್ ತಾನಾಗಿಯೇ ಅಬ್ಬರಿಸಿ ಗಾಡಿ ಮುನ್ನುಗ್ಗಿತು. ಮೋರಿಯ ಕಲ್ಲಿಗೆ ಗೇಣಂತರದಲ್ಲಿ ನಿಂತೆ. ಎತ್ತರ ಹೆಚ್ಚಿಸಿದ್ದೆ, ಆಕ್ಸಿಲರೇಟರ್ ಕೇಬಲ್ಲು ಮಾತ್ರ ಹಳೆಯ ಉದ್ದದ್ದೇ ಇತ್ತು, ಹೊರಳಿಸಿದಾಗ ಎಳೆದುಕೊಂಡಿತ್ತು. ಅಂದಿನಿಂದ ಏನೇ ಬದಲಿಸಿದರೂ ಗಾಡಿಯನ್ನು ನಿಲ್ಲಿಸಿ, ಹ್ಯಾಂಡಲನ್ನು ಎರಡೂ ಕಡೆಗೆ ಕೊನೆಯತನಕ ತಿರುಗಿಸಿ ನೋಡದೆ ಹೊರಡುವುದಿಲ್ಲ. ಕ್ಲಚ್ಚು, ಬ್ರೇಕಿನ ಕೊಳವೆಗೂ ಇದೇ ಪರೀಕ್ಷೆ.

ಇನ್ನು ಗಾಳಿತಡೆ, ಅಂದರೆ ವಿಂಡ್‌ಶೀಲ್ಡ್. ಇದು ದೊಡ್ಡದಾದಷ್ಟೂ ಒಳ್ಳೆಯದೇ? ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಟೇಬಲ್ ಫ್ಯಾನಿನ ಮುಂದೆ ಒಂದು ದಪ್ಪ ಪುಸ್ತಕವನ್ನು ನಿಲ್ಲಿಸಿ. ಕಡ್ಡಿಯ ತುದಿಗೆ ಉಣ್ಣೆಯ ಎಳೆ ಕಟ್ಟಿ ಪುಸ್ತಕದ ಹಿಂದೆ ಹಿಡಿಯಿರಿ. ಮೇಲಂಚಿನ ಬಳಿ ಎಳೆ ಹುಚ್ಚೆದ್ದು ಕುಣಿಯುತ್ತದೆ. ಕೆಳಗೆ ತಂದರೆ ಒಮ್ಮೊಮ್ಮೆ ಪುಸ್ತಕದ ಕಡೆಗೇ ವಾಲುತ್ತದೆ. ತಡೆಯ ಹಿಂದೆ ಒತ್ತಡ ಕಡಿಮೆಯಾಗಿ ಗಾಳಿ ಸುಳಿಸುಳಿಯಾಗಿ ಒಳನುಗ್ಗುವುದೇ ಇದಕ್ಕೆ ಕಾರಣ. ಆ ಸುಳಿಯಲ್ಲಿ ಸವಾರನ ಹೆಲ್ಮೆಟ್ ಸಿಕ್ಕಿದರೆ ತಲೆ ಗಡಗಡ ಅಲುಗುತ್ತದೆ, ಕಿವಿ ಮೊರೆಯುತ್ತದೆ. ಗಾಜನ್ನು ಒಂದಂಗುಲ ಏರಿಸುವುದು, ಇಳಿಸುವುದು, ಓರೆ ಬದಲಿಸುವುದು, ಬುಡದಲ್ಲಿ ಗಾಳಿಗೊಂದು ಸಂದು ಬಿಡುವುದು ಇವೇ ಪರಿಹಾರ. ಗಾಜಿನ ಅಂಚು ಕಣ್ಣಿಗಿಂತ ಕೆಳಗಿದ್ದು, ಅದರ ಮೇಲಿನಿಂದ ರಸ್ತೆ ಕಾಣುವಂತಿರಲಿ. ಮಳೆಯ ರಾತ್ರಿಯಲ್ಲಿ, ಎದುರಿನ ದೀಪಕ್ಕೆ ಹನಿಗಳೆಲ್ಲ ಹೊಳೆಯುವಾಗ ಇದರ ಬೆಲೆ ತಿಳಿಯುತ್ತದೆ.

ಗಾಳಿತಡೆಯನ್ನು ಎಲ್ಲಿ ಕೂರಿಸಬೇಕೆಂಬುದೂ ಮುಖ್ಯ. ಹಾರ್ಲೆ-ಡೇವಿಡ್ಸನ್ 1969ರಲ್ಲಿ ಎಲೆಕ್ಟ್ರಾ ಗ್ಲೈಡ್ ಗಾಡಿಗೆ ಕೊಟ್ಟ ಬಾವಲಿ ರೆಕ್ಕೆಯಾಕಾರದ ಕವಚ ಹ್ಯಾಂಡಲಿನೊಡನೆ ತಿರುಗುತ್ತದೆ. 1998ರ ರೋಡ್ ಗ್ಲೈಡ್‌ನ ಕವಚ ಚೌಕಟ್ಟಿಗೇ ಬಿಗಿದದ್ದು. ಹ್ಯಾಂಡಲಿಗೆ ಬಿಗಿದದ್ದನ್ನು ಅಡ್ಡಗಾಳಿ ಹಿಡಿದು ತಿರುಗಿಸಲು ನೋಡುತ್ತದೆ. ಚಿತ್ರದುರ್ಗದ ಗುಡ್ಡಗಳಲ್ಲಿ ಗಾಳಿಯಂತ್ರಗಳು ತಿರುಗುವುದನ್ನು ಕಂಡವರಿಗೆ ಅಲ್ಲಿನ ಹೆದ್ದಾರಿಯಲ್ಲಿ ಈ ಮಾತು ಚೆನ್ನಾಗಿ ಅರ್ಥವಾದೀತು.

ಗಾಜು ಪಾಲಿಕಾರ್ಬೊನೇಟಿನದಾದರೆ ಏಟಿಗೆ ಸುಲಭವಾಗಿ ಒಡೆಯದು. ಆದರೆ ಬೇಗ ಗೀರು ಬೀಳುತ್ತದೆ, ಪೆಟ್ರೋಲು ತಾಗಿದರೆ ಕೆಡುತ್ತದೆ. ನೀರು, ಮೆತ್ತನೆಯ ಬಟ್ಟೆ ಸಾಕು.

ಕೊನೆಯದಾಗಿ ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ನಿಗದಿಪಡಿಸಿದ ಮೂಲ ವಿವರಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನು ಎತ್ತಿಹಿಡಿದಿದೆ. ಚೌಕಟ್ಟು ಕತ್ತರಿಸುವುದು, ಸೈಲೆನ್ಸರ್ ಬದಲಿಸುವುದು ಬೇಡ. ಬೇರೆ ಏನಾದರೂ ಸಂದೇಹವಿದ್ದರೆ ಸಾರಿಗೆ ಕಚೇರಿಯಲ್ಲಿ ಮೊದಲೇ ಕೇಳಿ.

ಲೈಸೆನ್ಸಿನ ವಯಸ್ಸು ನಿಮಗಿನ್ನೂ ಬಂದಿಲ್ಲದಿರಬಹುದು. ಚಿಂತೆಯಿಲ್ಲ. ಸದ್ಯಕ್ಕೆ ಫ್ಯಾನು, ಪುಸ್ತಕ, ಉಣ್ಣೆಯ ಎಳೆ ಇವೆಯಲ್ಲ! ಮನೆಯಲ್ಲಿ ಗಾಡಿ ಓಡಿಸುವ ಅಣ್ಣನನ್ನೋ ಅಪ್ಪನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ.