ಗುಡ್ಡದ ಈಚಲು: ಸುಳಿ ಉಳಿದರೆ ಗಿಡ ಉಳಿದೀತು



ಖರ್ಜೂರದ ಬಳಗವು ಮರಳುಗಾಡಿಗಷ್ಟೇ ಸೇರಿದ್ದಲ್ಲ. ಫೀನಿಕ್ಸ್ ಲೌರೇರೋಯಿ ಎಂಬ ಗುಡ್ಡದ ಈಚಲು ಪಶ್ಚಿಮಘಟ್ಟದಲ್ಲಿಯೂ ಹಿಮಾಲಯದ ತಪ್ಪಲಿನಲ್ಲಿಯೂ ಬೆಳೆಯುತ್ತದೆ; ಇಬ್ಬನಿ ಹೆಪ್ಪುಗಟ್ಟುವ ಚಳಿಯನ್ನೂ ತಕ್ಕಮಟ್ಟಿಗೆ ತಾಳುತ್ತದೆ. ಬಯಲಿನ ಈಚಲು 10 ಮೀಟರಿಗೂ ಮೀರಿ ಬೆಳೆದರೆ, ಇದರ ಕಾಂಡ ಸಾಮಾನ್ಯವಾಗಿ 4 ಮೀಟರಿನೊಳಗೇ ನಿಲ್ಲುತ್ತದೆ.

ಮಾಗಿದ ಹಣ್ಣಿನ ತಿರುಳು ತೆಗೆದು, ಬೀಜವನ್ನು 2 ದಿನ ನೆನೆಸಿ, ಆಳವಾದ ಚೀಲದಲ್ಲಿ ಬಿತ್ತಬೇಕು. ಮೊಳೆಯಲು ತಿಂಗಳುಗಳೇ ಹಿಡಿದಾವು. ಮೊದಲ ಎಲೆ ಹುಲ್ಲಿನಂತೆಯೇ ಕಾಣುವುದರಿಂದ ಕಳೆಯೆಂದು ಕೀಳದಿರಿ. ಗಂಡು, ಹೆಣ್ಣು ಗಿಡಗಳು ಬೇರೆಬೇರೆ. ಬೀಜ ನೋಡಿ ತಿಳಿಯಲಾಗದು. ಆದುದರಿಂದ ಹಲವು ಸಸಿಗಳನ್ನು ಒಟ್ಟಿಗೆ ನೆಡಬೇಕು.

ಪೊರಕೆಗೆ ಗರಿ ಕೊಯ್ಯುವವರು ಹೊರಸುತ್ತಿನವನ್ನಷ್ಟೇ ಕೊಯ್ಯಲಿ. ಕಾಂಡಕ್ಕೆ ಇರುವುದು ಒಂದೇ ಸುಳಿ; ಅದನ್ನು ಕಡಿದರೆ ಕಾಂಡ ಸತ್ತಂತೆ, ಮುಂದಿನ ವರ್ಷದ ಪೊರಕೆಯೂ ಇಲ್ಲದಂತೆ.